ಪಡುವಣ ಗೋಡೆಗೆ ಹೆಂಪ್ ಹೊದಿಕೆ ಹಾಕಿದ್ದು

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಹತ್ತಿರ. ಹಳೇ ಭಾಗ ಕಲ್ಲು ಮಣ್ಣಿನದು, ಮೇಲೆ ಚಪ್ಪಡಿ. ಗೋಡೆ ಒಂದೂವರೆ ಅಡಿ ದಪ್ಪ. ಏಪ್ರಿಲ್ ಮಧ್ಯಾಹ್ನವೂ ಅಲ್ಲಿ ಫ್ಯಾನಿಲ್ಲದೆ ಮಲಗಬಹುದು. ಅದಕ್ಕೆ ಸೇರಿಸಿ 2009ರಲ್ಲಿ ಅಪ್ಪ ಒಂದು ರೂಮು ಕಟ್ಟಿಸಿದರು. 6 ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕು, ಮೇಲೆ ಮೋಲ್ಡು. ಆ ರೂಮಿನ ಪಡುವಣ ಗೋಡೆಗೆ ಮಧ್ಯಾಹ್ನ ಹನ್ನೆರಡರಿಂದ ಹೊತ್ತು ಮುಳುಗುವವರೆಗೂ ಬಿಸಿಲು ಹೊಡೆಯುತ್ತದೆ. ಆಮೇಲೆ ಕಾದ ಬಂಡೆ ಝಳ ಬಿಡಲು ಶುರು ಮಾಡುತ್ತದೆ.

ಅಮ್ಮ ಮಲಗುವುದು ಆ ರೂಮಿನಲ್ಲೇ. ಬಾತ್‌ರೂಮು ಪಕ್ಕದಲ್ಲಿದೆ, ಮೆಟ್ಟಿಲಿಲ್ಲ, ಮಂಡಿ ನೋವಿನವರಿಗೆ ಅದೇ ಸಲೀಸು. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ಅವರ ಮಂಚದ ಪಕ್ಕದ ಗೋಡೆ ಮುಟ್ಟಿ ನೋಡಿದೆ. ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಮಾರನೇ ದಿನ ಉಷ್ಣಾಂಶ ನೋಡುವ ಗನ್ ತಂದು ಹಿಡಿದೆ. ಸಂಜೆ ಐದಕ್ಕೆ ಗೋಡೆಯ ಒಳಮೈ 41 ಡಿಗ್ರಿ. ಅಮ್ಮ ಈ ಗೋಡೆ ಪಕ್ಕ ರಾತ್ರಿಯೆಲ್ಲ ಮಲಗುತ್ತಿದ್ದರು, ಒಂದು ಮಾತೂ ಆಡಿರಲಿಲ್ಲ.

ಎಸಿ ಹಾಕಿಸಿದರೆ ಅಮ್ಮ ಅದನ್ನು ಆನ್ ಮಾಡುವುದಿಲ್ಲ, ನನಗೆ ಗೊತ್ತು. ಗೋಡೆಯೇ ಕಾಯದ ಹಾಗೆ ಏನಾದರೂ ಮಾಡಬೇಕಿತ್ತು. ಹಿಂದೊಮ್ಮೆ ಉತ್ತರಾಖಂಡಕ್ಕೆ ಹೋದಾಗ ಪೌಡಿ ಗಢವಾಲ್ ಜಿಲ್ಲೆಯಲ್ಲಿ ಹೆಂಪ್ ದಂಟು, ಸುಣ್ಣ ಕಲಸಿ ಕಟ್ಟಿದ ಮನೆ ನೋಡಿದ್ದೆ. ಗೋಡೆಗೆ ಬೆನ್ನು ಕೊಟ್ಟು ಕೂತಾಗ ನಮ್ಮ ಹಳೇ ಮನೆಯ ಮಣ್ಣಿನ ಗೋಡೆಯೇ ನೆನಪಾಗಿತ್ತು. ಅದನ್ನೇ ಇಲ್ಲಿ ಮಾಡೋಣ ಅಂತ ಹೊರಟೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಹೆಂಪ್ ಗಿಡದ ದಂಟಿನ ಮೇಲೆ ನಾರು, ಒಳಗೆ ಬೆಂಡಿನಂಥ ಹಗುರ ಕಟ್ಟಿಗೆ. ನಾರು ಬಿಡಿಸಿದ ಮೇಲೆ ಉಳಿಯುವ ಆ ಕಟ್ಟಿಗೆಯನ್ನು ಬೆರಳ ಗೆಣ್ಣಿನಷ್ಟು ಚೂರು ಮಾಡುತ್ತಾರೆ. ಚೂರಿಗೆ ಸುಣ್ಣ, ನೀರು ಕಲಸಿ ಹಲಗೆ ಮಧ್ಯೆ ತುಂಬಿದರೆ ಅದೇ ಹೆಂಪ್‌ಕ್ರೀಟ್. ಹೆಸರಿನಲ್ಲಿ ಕ್ರೀಟ್ ಇದೆ ಅಂತ ಕಾಂಕ್ರೀಟ್ ಅಂದುಕೊಳ್ಳಬೇಡಿ. ಇದು ಭಾರ ಹೊರುವುದಿಲ್ಲ. ಮೋಲ್ಡಿನ ಭಾರವನ್ನು ಬ್ಲಾಕೋ ಕಂಬವೋ ಮರದ ಚೌಕಟ್ಟೋ ಹೊರಲೇಬೇಕು. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2400 ಕೆಜಿ ತೂಗಿದರೆ ಇದು ಒಣಗಿದ ಮೇಲೆ 300ರಿಂದ 400 ಕೆಜಿ. ದಂಟಿನ ಒಳಗೂ ಚೂರುಗಳ ನಡುವೆಯೂ ಗಾಳಿ ನಿಂತಿರುತ್ತದೆ. ಅದಕ್ಕೇ ಬಿಸಿ ಬೇಗ ದಾಟುವುದಿಲ್ಲ. ಸಿಮೆಂಟ್ ಬ್ಲಾಕಿಗೆ ಹೋಲಿಸಿದರೆ ಹತ್ತು ಪಟ್ಟಾದರೂ ನಿಧಾನ.

ಇದು ಹುಟ್ಟಿದ್ದೂ ದುರಸ್ತಿ ಕೆಲಸಕ್ಕೇ. ಫ್ರಾನ್ಸಿನ ನೋಜಾಂ ಸುರ್ ಸೇನ್ ಅನ್ನುವ ಊರಿನಲ್ಲಿ 1986ರಲ್ಲಿ ಮರದ ಚೌಕಟ್ಟಿನ ಒಂದು ಹಳೇ ಮನೆಯ ರಿಪೇರಿಗೆ ಇದನ್ನು ಬಳಸಿದರು. ಅಂಥ ಮನೆಗಳಿಗೆ ಸಿಮೆಂಟ್ ಬಳಿದರೆ ಗೋಡೆ ಉಸಿರಾಡದೆ ತೇವ ಒಳಗೇ ಕೂತು ಮರ ಕೊಳೆಯುತ್ತಿತ್ತು. ಸುಣ್ಣ, ದಂಟು ಕಲಸಿದ್ದು ತೇವವನ್ನು ಹೀರಿ ಮತ್ತೆ ಬಿಡುತ್ತಿತ್ತು.

ಇನ್ನು ಕಾನೂನಿನ ಮಾತು. ಊರಲ್ಲಿ ಎಲ್ಲರೂ ಮೊದಲು ಕೇಳಿದ್ದು ಇದನ್ನೇ. ಹೌದು, ಹೆಂಪ್ ಅಂದರೆ ಭಂಗಿ ಗಿಡದ ಜಾತಿಯೇ. ಅಮಲು ಬರಿಸುವ ಅಂಶ ತೀರಾ ಕಡಿಮೆ ಇರುವ ತಳಿ, ಅಷ್ಟೇ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು ಕಾಯಿ ಬಿಡುವ ತುದಿ. ನಾರಿಗೂ ಬೀಜಕ್ಕೂ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತ ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಉತ್ತರಾಖಂಡ 2018ರಲ್ಲಿ ಅಂಥ ಅನುಮತಿ ಕೊಟ್ಟಿತು. ಟಿಎಚ್‌ಸಿ, ಅಂದರೆ ಆ ಅಮಲಿನ ಅಂಶ, 0.3 ಶೇಕಡಾ ದಾಟಬಾರದು ಅನ್ನುವುದು ಅಲ್ಲಿನ ಷರತ್ತು. ಹಾಗಾಗಿ ಚೂರನ್ನು ಅಲ್ಲಿಂದ, ಲೈಸೆನ್ಸ್ ಇರುವವರಿಂದಲೇ, ಬಿಲ್ಲು ಸಮೇತ ತರಿಸಿದೆ. ಬಿಲ್ಲನ್ನೂ ಲೈಸೆನ್ಸಿನ ಪ್ರತಿಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಲಾರಿಯ ಜೊತೆಗೇ ಕಳಿಸಿ ಅಂತ ಕೇಳಿಕೊಂಡಿದ್ದೆ. ನೀವೂ ಹಾಗೇ ಮಾಡಿ. ಮನೆ ಹಿತ್ತಲಲ್ಲಿ ನಾಲ್ಕು ಗಿಡ ಬೆಳೆದುಕೊಳ್ಳೋಣ ಅಂತ ಮಾತ್ರ ಹೋಗಬೇಡಿ, ಅದು ಅಪರಾಧ.

ಹೆಸರಿನಲ್ಲೂ ಒಂದು ಗೊಂದಲ ಇದೆ. ಗೋಣಿಚೀಲದ ಸೆಣಬು ಬೇರೆ, ನಮ್ಮ ಹೊಲದಲ್ಲಿ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು ಬೇರೆ, ಹೆಂಪ್ ಬೇರೆ. ಅಪ್ಸೆಣಬಿಗೆ ಇಂಗ್ಲಿಷಿನಲ್ಲಿ ಸನ್ ಹೆಂಪ್ ಅನ್ನುತ್ತಾರೆ, ಆದರೆ ಅದು ದ್ವಿದಳ ಧಾನ್ಯದ ಜಾತಿ, ಭಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಬೆಳೆಯಲು ಯಾರ ಅಪ್ಪಣೆಯೂ ಬೇಡ. ಈ ಮಾತು ಮುಂದೆ ಬೇಕಾಗುತ್ತದೆ.

150 ಕೆಜಿ ಚೂರು ತುಮಕೂರಿಗೆ ಲಾರಿಯಲ್ಲಿ ಬಂತು. ಅಲ್ಲಿಂದ ಲಗೇಜ್ ಆಟೋದಲ್ಲಿ ಮನೆಗೆ. ತೂಕ ಕಡಿಮೆ, ಗಾತ್ರ ಜಾಸ್ತಿ. ಹಾಗಾಗಿ ಸಾಗಣೆಯ ಖರ್ಚು ಹೆಚ್ಚುಕಡಿಮೆ ಚೂರಿನ ಬೆಲೆಯಷ್ಟೇ ಆಯಿತು. ಒಂದು ಚೀಲ ದಾರಿಯಲ್ಲಿ ನೆನೆದು ಒಳಗೆ ಬಿಸಿಯಾಗಿತ್ತು. ಬಿಸಿಲಿಗೆ ಹರಡಿ ಒಣಗಿಸಿದರೂ ಮುಗ್ಗುಲು ವಾಸನೆ ಹೋಗಲಿಲ್ಲ. ಗೊಬ್ಬರದ ಗುಂಡಿಗೆ ಹಾಕಿದೆ. ಚೀಲ ಇಳಿಸುವಾಗಲೇ ಪ್ರತಿಯೊಂದಕ್ಕೂ ಕೈ ಹಾಕಿ ನೋಡಿ.

ಕೆಲಸಕ್ಕೆ ಯಾರನ್ನು ಕರೆಯುವುದು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಸಿಮೆಂಟ್ ಕೆಲಸದ ಇಬ್ಬರು ಬಂದು ನೋಡಿ ಹೋದರು, ಮತ್ತೆ ಫೋನ್ ಎತ್ತಲಿಲ್ಲ. ಕೊನೆಗೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ. ಚಿಕ್ಕಂದಿನಲ್ಲಿ ಅವರ ತಂದೆ ಜೊತೆ ಗಾರೆ ಅರೆದವರು. ಚೂರನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಮೂಸಿ ನೋಡಿದರು.

"ಇದು ನಂಗೆ ಹೊಸದಪ್ಪ. ಸುಣ್ಣ ಹಳೇದೇ. ಸುಣ್ಣ ಹೇಳ್ದಂಗೆ ನಾವು ಕೇಳಿದ್ರೆ ಆಯ್ತದೆ" ಅಂದರು.

ಇಡೀ ಕೆಲಸ ನಡೆದದ್ದು ಆ ಮಾತಿನ ಮೇಲೆ. ನಾನು ಇದನ್ನು ಹೊಸ ಬಗೆಯ ಕಾಂಕ್ರೀಟ್ ಅಂತ ನೋಡುತ್ತಿದ್ದೆ. ಅವರು ಇದನ್ನು ದಂಟು ಬೆರೆಸಿದ ಗಾರೆ ಅಂತ ನೋಡಿದರು. ನಾನು ನನ್ನ ಲೆಕ್ಕದಲ್ಲಿ ಮಾಡಿದ್ದೆಲ್ಲ ಕೆಟ್ಟಿತು, ಅವರ ಲೆಕ್ಕದಲ್ಲಿ ಮಾಡಿದ್ದು ನಿಂತಿದೆ.

ಅಮ್ಮನಿಗೆ ಎರಡು ಅನುಮಾನ. ಗೆದ್ದಲು ಹತ್ತುತ್ತದೆ, ಬೆಂಕಿ ಹತ್ತುತ್ತದೆ. ಗೆದ್ದಲಿಗೆ ಎಲ್ಲೋರಾದ ಕಥೆ ಹೇಳಿದೆ. ಅಲ್ಲಿನ ಗುಹೆಗಳ ಮಣ್ಣಿನ ಗಾರೆಯಲ್ಲಿ ಹೆಂಪ್ ಬೆರೆಸಿರುವುದನ್ನು ಪುರಾತತ್ವ ಇಲಾಖೆಯ ವಿಜ್ಞಾನಿಯೊಬ್ಬರು ಪತ್ತೆಹಚ್ಚಿ 2016ರಲ್ಲಿ ಬರೆದಿದ್ದಾರೆ. ಅಜಂತಾದಲ್ಲಿ ಹುಳ ಬಿದ್ದು ಹಾಳಾದಷ್ಟು ಎಲ್ಲೋರಾದಲ್ಲಿ ಹಾಳಾಗಿಲ್ಲ ಅನ್ನುವುದು ಅವರು ಕಂಡದ್ದು. ಅದರ ಜೊತೆಗೆ ನಮ್ಮದರಲ್ಲಿ ಸುಣ್ಣದ ಖಾರವೂ ಇದೆ.

ಬೆಂಕಿಗೆ ಮಾತು ಸಾಲದು ಅಂತ ಇಟ್ಟಿಗೆ ಅಚ್ಚಿನಲ್ಲಿ ಹಾಕಿ ಒಣಗಿಸಿದ ಒಂದು ತುಂಡನ್ನು ನೀರೊಲೆಗೆ ಇಟ್ಟೆ. ಒಂದು ಮುಖ ಉರಿಗೆ, ಇನ್ನೊಂದು ಮುಖ ನಮ್ಮ ಕಡೆ. ಇಪ್ಪತ್ತು ನಿಮಿಷ ಅಮ್ಮ ಮಣೆ ಹಾಕಿಕೊಂಡು ಕೂತು ನೋಡಿದರು. ಉರಿಯ ಕಡೆ ಕಪ್ಪಗಾಯಿತು, ಅಂಚು ಕೆಂಪಗೆ ಕಂಡು ಆರಿತು, ಜ್ವಾಲೆ ಏಳಲಿಲ್ಲ. ಈ ಕಡೆ ಮುಖದ ಮೇಲೆ ಅಮ್ಮ ಅಂಗೈ ಇಟ್ಟು ಹಾಗೇ ಕೂತರು. "ಬೆಚ್ಚಗಾಗಿದೆ ಅಷ್ಟೇ ಕಣೋ" ಅಂದರು. ಆಮೇಲೆ ಆ ತುಂಡನ್ನು ಬೀದಿಯವರಿಗೆಲ್ಲ ತೋರಿಸಿದ್ದು ಅವರೇ.

ಅದೇ ಹೊತ್ತಿಗೆ ಇನ್ನೆರಡು ಬಗೆಯ ತುಂಡೂ ಮಾಡಿ ನೋಡಿದ್ದೆ. ತೆಂಗು ನಮ್ಮ ಜಿಲ್ಲೆಯ ಬೆಳೆ ಅಲ್ವಾ, ಹಾಗಾಗಿ ತೆಂಗಿನ ನಾರಿನ ಪುಡಿ ಒಂದಕ್ಕೆ. ಅದು ನೀರನ್ನು ಹಿಡಿದುಕೊಂಡು ಐದು ವಾರ ಕಳೆದರೂ ಒಣಗಲಿಲ್ಲ. ಕಂದು ಬಣ್ಣ ಬಿಟ್ಟಿತು, ಅಂಚು ಉದುರಿತು. ಇನ್ನೊಂದಕ್ಕೆ ಅಪ್ಸೆಣಬಿನ ದಂಟು. ಹಸಿ ದಂಟು ಒಣಗಿಸಿ ಕತ್ತರಿಸಿ ಹಾಕಿದ್ದು ಗಟ್ಟಿಯೇ ಆಗಲಿಲ್ಲ. ದಂಟಿನೊಳಗಿನ ಸಕ್ಕರೆ ಅಂಶ ಸುಣ್ಣ ಹಿಡಿಯುವುದನ್ನು ತಡೆಯುತ್ತದೆ. ನಾರು ತೆಗೆಯಲು ಕೊಳೆ ಹಾಕಿ ತೊಳೆದ ದಂಟು ಹಾಕಿದಾಗ ಚೆನ್ನಾಗಿ ಬಂತು. ಹೆಂಪಿನಷ್ಟು ಗಟ್ಟಿ ಇಲ್ಲ, ಉಗುರಲ್ಲಿ ಗೀರಿದರೆ ಪುಡಿ ಬರುತ್ತದೆ. ಆದರೂ ಇಟ್ಟುಕೊಂಡಿದ್ದೇನೆ.

ಗೋಡೆಯ ಒಳಗೆ ಹಾಕುವುದೋ ಹೊರಗೋ? ನಾನು ಒಳಗೆ ಅಂದೆ, ಮಳೆಯ ಭಯಕ್ಕೆ. ಮೇಸ್ತ್ರಿ ಒಪ್ಪಲಿಲ್ಲ. ಒಳಗೆ ಹಾಕಿದರೆ ಬ್ಲಾಕು ಕಾಯುವುದು ತಪ್ಪುವುದಿಲ್ಲ, ಹೊರಗೆ ಹಾಕಿದರೆ ಬ್ಲಾಕಿಗೇ ನೆರಳು ಸಿಗುತ್ತದೆ ಅಂದರು. ಸರಿಯಾದ ಮಾತು. ಹೊರಗೆ ಅಂತ ಆದ ಮೇಲೆ ಮಳೆಗೆ ಮೊದಲು ದಾರಿ ಮಾಡಬೇಕಾಯಿತು. ಸಜ್ಜಾ ಚಿಕ್ಕದಿತ್ತು, ಮೇಲೆ 2 ಅಡಿ ಶೀಟು ಮುಂದಕ್ಕೆ ಚಾಚಿಸಿದೆ. ನೆಲದಿಂದ ಒಂದು ಅಡಿ ಎತ್ತರಕ್ಕೆ ಸೈಜುಗಲ್ಲು ಕಟ್ಟಿಸಿದೆ. ಹೆಂಪ್ ಶುರುವಾಗುವುದು ಆ ಕಲ್ಲಿನ ಮೇಲೆ. ನೆಲಕ್ಕೆ ಬಿದ್ದ ಮಳೆನೀರು ಸಿಡಿದರೂ ಕಲ್ಲಿಗೇ ಸಿಡಿಯಬೇಕು. ಗೋಡೆ ಮೇಲೆ ಹೋಗಿದ್ದ ನೀರಿನ ಪೈಪನ್ನು ಕಿತ್ತು ಪಕ್ಕದ ಮೂಲೆಗೆ ತಿರುಗಿಸಿದೆ. ಈ ಹೊದಿಕೆಯೊಳಗೆ ನೀರಿನ ಪೈಪು ಹೂಳಲೇಬಾರದು.

ಕಿಟಕಿಯ ಕೆಳಗೆ ಕಡಪ ಕಲ್ಲು, ಹೊರಕ್ಕೆ ಇಳಿಜಾರಾಗಿ, ಗಾರೆ ಮುಖದಿಂದ 2 ಇಂಚು ಮುಂದೆ. ಅದರ ಅಡಿಭಾಗದಲ್ಲಿ ಕಟರ್‌ನಿಂದ ಒಂದು ಗೀರು. ನೀರು ಆ ಗೀರಿಗೆ ಬಂದು ತೊಟ್ಟಿಕ್ಕುತ್ತದೆ, ಗೋಡೆಗೆ ಹಿಂತಿರುಗುವುದಿಲ್ಲ.

ಈಗ ನನ್ನ ತಪ್ಪಿನ ಭಾಗ. ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಸಿಲು ಬಂತು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಿದ್ದರು. ಸುಮ್ನೆ ಯಾಕೆ ಕಾಯುವುದು ಅಂತ ನಾನೂ ಇಬ್ಬರು ಆಳುಗಳೂ ಸೇರಿ ಕೆಳಗಿನ ಎರಡು ಅಡಿ ತುಂಬಿಬಿಟ್ಟೆವು. ಚೂರು ಒಣಗಿದ ಹಾಗೆ ಕಂಡಿತು, ನೀರು ಜಾಸ್ತಿ ಹಾಕಿದೆ. ಕಾಂಕ್ರೀಟಿನ ಅಭ್ಯಾಸದಲ್ಲಿ ದಿಮ್ಮಸು ಹಾಕಿ ಬಡಿದೆವು. ತುಂಬಿದ ಮೂರನೇ ದಿನ ಮಳೆ ಹಿಡಿಯಿತು. ಟಾರ್ಪಾಲನ್ನು ಗೋಡೆಗೆ ಅಂಟಿದ ಹಾಗೆ ಬಿಗಿಯಾಗಿ ಕಟ್ಟಿದೆ. ಗಾಳಿ ಆಡಲಿಲ್ಲ. ಎರಡು ವಾರದ ಮೇಲೆ ತೆಗೆದರೆ ನೆಂದ ಗೋಣಿಚೀಲದ ವಾಸನೆ, ಮೈಯೆಲ್ಲ ಕಪ್ಪು ಚುಕ್ಕೆ. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಮೇಸ್ತ್ರಿ ಬಂದು ನೋಡಿ ಬೈಯಲಿಲ್ಲ. "ಕಿತ್ತಾಕು. ಸಂಕ್ರಾಂತಿ ಕಳೀಲಿ" ಅಂದರು. 20 ಕೆಜಿ ಚೂರು ಮಣ್ಣುಪಾಲಾಯಿತು. ಅದಕ್ಕಿಂತ ನೋವಾದದ್ದು ಆಳುಗಳಲ್ಲಿ ಒಬ್ಬ ಹೆಣ್ಣುಮಗಳ ಬೆರಳ ತುದಿಗಳು ಸುಣ್ಣಕ್ಕೆ ಒಡೆದು ರಕ್ತ ಬಂದದ್ದು. ಗ್ಲೌಸ್ ತಂದಿಟ್ಟಿದ್ದೆ, ಹಾಕಿಕೊಳ್ಳಿ ಅಂತ ನಿಂತು ಹೇಳಿರಲಿಲ್ಲ. ಅದು ನನ್ನದೇ ತಪ್ಪು. ಸುಣ್ಣ ಕಲಸುವಾಗ ಉದ್ದ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಬಿಟ್ಟು ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು.

ಸಂಕ್ರಾಂತಿ ಕಳೆದು ಜನವರಿ ಕೊನೆಯಲ್ಲಿ ನಿಜವಾದ ಕೆಲಸ ಶುರುವಾಯಿತು. ಹಳೇ ಸಿಮೆಂಟ್ ಪ್ಲಾಸ್ಟರ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಪೂರ್ತಿ ಉಳಿಯಲ್ಲಿ ಕೆತ್ತಿ ತೆಗೆದೆವು. ಬ್ಲಾಕಿನ ಮೈಗೆ ಸುಣ್ಣದ ತಿಳಿ ಚಿಮುಕಿಸಿದೆವು. ಆಮೇಲೆ 2 ಇಂಚಿನ ಸಿಲ್ವರ್ ಓಕ್ ರೀಪರುಗಳನ್ನು 2 ಅಡಿಗೊಂದರಂತೆ ನೆಟ್ಟಗೆ ನಿಲ್ಲಿಸಿ ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿದೆವು. ರೀಪರುಗಳು ಹೆಂಪಿನೊಳಗೇ ಮುಚ್ಚಿಹೋಗುತ್ತವೆ. ಹೊದಿಕೆಯನ್ನು ಗೋಡೆಗೆ ಹಿಡಿದಿಡುವುದು ಅವೇ. ಅವುಗಳ ಹೊರಗೆ ಸೆಂಟ್ರಿಂಗ್ ಪ್ಲೈವುಡ್ಡು, ಬ್ಲಾಕಿನಿಂದ ಸರಿಯಾಗಿ 4 ಇಂಚು ದೂರಕ್ಕೆ.

ಲೆಕ್ಕ ಹೀಗಿತ್ತು. ಗೋಡೆ 12 ಅಡಿ ಅಗಲ, 10 ಅಡಿ ಎತ್ತರ, ಕಿಟಕಿ 4 ಅಡಿಗೆ 4 ಅಡಿ. ಉಳಿದದ್ದು 104 ಚದರ ಅಡಿ. 4 ಇಂಚು ದಪ್ಪಕ್ಕೆ ಸುಮಾರು 35 ಘನ ಅಡಿ, ಅಂದರೆ ಒಂದು ಘನ ಮೀಟರಿನಷ್ಟು. ಕೆಳಗಿನ ಒಂದು ಅಡಿ ಸೈಜುಗಲ್ಲಿಗೆ ಹೋದದ್ದು ನನಗೆ ಉಳಿತಾಯ. ಕೆಟ್ಟದ್ದು, ಪರೀಕ್ಷೆಗೆ ಹೋದದ್ದು ಕಳೆದು ಉಳಿದ ಚೂರು ಅಷ್ಟಕ್ಕೆ ಸರಿಯಾಗಿ ಸಾಕಾಯಿತು.

ಅಂಗಡಿಯಲ್ಲಿ ಸುಣ್ಣದ ಪುಡಿ ಕೊಳ್ಳುವಾಗ ಮೇಸ್ತ್ರಿ ನಿಂಬೆಹಣ್ಣು ಹಿಡಿದು ಬಂದಿದ್ದರು. ಒಂದು ಚಿಟಿಕೆ ಪುಡಿಗೆ ನಾಲ್ಕು ತೊಟ್ಟು ಹಿಂಡಿದರು. ಮೊದಲ ಅಂಗಡಿಯದು ಬುಸ್ ಅಂತ ನೊರೆ ಬಂತು. ಅಂದರೆ ಚೀಲದಲ್ಲೇ ಗಾಳಿ ಕುಡಿದು ಅರ್ಧ ಕಲ್ಲಾಗಿದೆ, ಇನ್ನು ಅದು ಏನನ್ನೂ ಹಿಡಿಯುವುದಿಲ್ಲ. ಎರಡನೆಯದು ಸುಮ್ಮನಿತ್ತು. ಅದನ್ನೇ ತಂದೆವು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕಲ್ಲಾಗುವುದೇ ಸುಣ್ಣದ ಗುಣ. ಆ ಕೆಲಸ ಚೀಲದಲ್ಲಿ ನಡೆಯಬಾರದು, ಗೋಡೆಯಲ್ಲಿ ನಡೆಯಬೇಕು.

ಬರೀ ಸುಣ್ಣ ಹಿಡಿಯಲು ತುಂಬಾ ದಿನ ಬೇಕು. ಅದಕ್ಕೆ ನುಣ್ಣಗಿನ ಇಟ್ಟಿಗೆ ಪುಡಿ ಬೆರೆಸಿದೆವು. ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಮೂರು ಪಾಲು ಸುಣ್ಣಕ್ಕೆ ಒಂದು ಪಾಲು ಪುಡಿ. ಈ ಮಿಶ್ರಣ ಒಂದು ಬಾಂಡ್ಲಿ, ದಂಟಿನ ಚೂರು ನಾಲ್ಕು ಬಾಂಡ್ಲಿ, ನೀರು ಒಂದು ಬಾಂಡ್ಲಿಗೆ ಸ್ವಲ್ಪ ಕಮ್ಮಿ.

ಕಾಂಕ್ರೀಟ್ ಕಲಸುವ ಮಿಲ್ಲರಿನಲ್ಲಿ ಹಾಕಬೇಡಿ. ತಿರುಗುವ ಡ್ರಮ್ಮಿನಲ್ಲಿ ಇದು ಉಂಡೆ ಕಟ್ಟುತ್ತದೆ, ಒಳಗೆ ಒಣ ಚೂರು ಹಾಗೇ ಉಳಿಯುತ್ತದೆ. ನಾವು ಟಾರ್ಪಾಲಿನ ಮೇಲೆ ಕೈಯಲ್ಲೇ ಕಲಸಿದೆವು. ಮೊದಲು ಸುಣ್ಣ ಮತ್ತು ಪುಡಿಯನ್ನು ನೀರಿಗೆ ಹಾಕಿ ಮಜ್ಜಿಗೆಯ ಹದ ಮಾಡಿ, ಆಮೇಲೆ ಚೂರಿನ ಮೇಲೆ ಸ್ವಲ್ಪ ಸ್ವಲ್ಪ ಸುರಿಯುತ್ತಾ ತಿರುವಿ ಹಾಕುವುದು. ಚುರುಮುರಿ ಕಲಸುವ ಹಾಗೆ. ಒಂದು ಪುರಿಯೂ ಬೆಳ್ಳಗೆ ಉಳಿಯಬಾರದು ಅಂತ ಕಲಸುತ್ತಾರಲ್ಲ, ಇಲ್ಲಿ ಒಂದು ಚೂರೂ ಬರಿಮೈಯಲ್ಲಿ ಉಳಿಯಬಾರದು.

ಹದ ನೋಡುವುದನ್ನು ಆಳುಗಳಿಗೆ ಮೇಸ್ತ್ರಿ ಹೇಳಿಕೊಟ್ಟದ್ದು ತಂಬಿಟ್ಟಿನ ಲೆಕ್ಕದಲ್ಲಿ. ಒಂದು ಹಿಡಿ ತೆಗೆದು ತಂಬಿಟ್ಟಿನ ಉಂಡೆಯ ಹಾಗೆ ಅಮುಕಿ. ಉಂಡೆ ನಿಲ್ಲಬೇಕು. ಬೆರಳ ಸಂದಿಯಲ್ಲಿ ನೀರು ಬಂದರೆ ಜಾಸ್ತಿಯಾಯಿತು. ಕೈ ಬಿಟ್ಟ ಕೂಡಲೇ ಉದುರಿದರೆ ಕಮ್ಮಿಯಾಯಿತು. ಎರಡು ಹೆಬ್ಬೆರಳಲ್ಲಿ ಒತ್ತಿದರೆ ಉಂಡೆ ಎರಡೇ ಹೋಳಾಗಬೇಕು. ಅಕ್ಟೋಬರಿನಲ್ಲಿ ನಾನು ಕಲಸಿದ್ದು ಹಿಂಡಿದರೆ ಮೊಣಕೈವರೆಗೆ ಸೋರುತ್ತಿತ್ತು.

ತುಂಬುವುದು 6 ಇಂಚಿನ ಪದರ ಪದರವಾಗಿ. ಹಲಗೆಯ ಅಂಚಿಗೂ ರೀಪರಿನ ಸುತ್ತಲೂ ಕೈ ಮುಷ್ಟಿಯಲ್ಲಿ ಒತ್ತುವುದು, ನಡುವೆ ಸುಮ್ಮನೆ ಹರವಿ ಬಿಡುವುದು. ಬಡಿದರೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಇಷ್ಟೆಲ್ಲ ಮಾಡಿದ್ದೂ ಹೋಯಿತು. ಎರಡು ಅಡಿ ಏರಿದ ಮೇಲೆ ಮಾರನೇ ದಿನ ಹಲಗೆ ಬಿಚ್ಚಿ ಮೇಲಕ್ಕೆ ಕಟ್ಟಿದೆವು. ನಾಲ್ಕು ಜನ, ಐದು ದಿನ. ಬಿಚ್ಚಿದಾಗ ಕಂಡ ಗೋಡೆ ಚಿಕ್ಕಿ ಹರಡಿಟ್ಟ ಹಾಗಿತ್ತು. ಪ್ರತಿ ಚೂರೂ ಕಾಣುತ್ತದೆ, ಪ್ರತಿಯೊಂದಕ್ಕೂ ತಿಳಿ ಕೆಂಪಿನ ಸುಣ್ಣದ ಲೇಪ. ಬೆಳಗಿನ ಓರೆ ಬೆಳಕಿನಲ್ಲಿ ನಾನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಇನ್ನು ಒಣಗಬೇಕು. ಇಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುವುದು. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ತೇವ ಇರುತ್ತದೆ, ಅದರಲ್ಲೂ ನಮ್ಮದು ಒಂದೇ ಮುಖದಿಂದ ಒಣಗಬೇಕು. ಅಂದಾಜಿನ ಮೇಲೆ ಬಿಡದೆ ಒಂದು ಉಪಾಯ ಮಾಡಿದೆ. ಅದೇ ಮಿಶ್ರಣವನ್ನು 12 ಇಂಚು ಉದ್ದ, 8 ಇಂಚು ಅಗಲ, 4 ಇಂಚು ದಪ್ಪದ ಅಚ್ಚಿಗೆ ಹಾಕಿ, ಹಿಂಭಾಗಕ್ಕೂ ಅಂಚುಗಳಿಗೂ ಪ್ಲಾಸ್ಟಿಕ್ ಸುತ್ತಿ, ಒಂದೇ ಮುಖ ತೆರೆದು ಗೋಡೆ ಪಕ್ಕದಲ್ಲೇ ಇಟ್ಟೆ. ಪ್ರತಿ ಭಾನುವಾರ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ, ಪ್ಲಾಸ್ಟಿಕ್ ಬಿಚ್ಚಿ, ತೂಗುವುದು. ಮೊದಲ ದಿನ 3.6 ಕೆಜಿ. ಎರಡು ವಾರಕ್ಕೆ 2.9. ನಾಲ್ಕು ವಾರಕ್ಕೆ 2.5.

ಆಗ ಬಂತು ದಂಡಿನ ಮಾರಮ್ಮನ ಜಾತ್ರೆ. ನೆಂಟರೆಲ್ಲ ಬರುತ್ತಾರೆ, ಗೋಡೆ ಹೀಗೆ ಹುಲ್ಲು ಮೆತ್ತಿದ ಹಾಗೆ ಇದ್ದರೆ ಏನು ಚೆಂದ, ಗಾರೆ ಬಳಿಸಿಬಿಡು ಅಂತ ಅಮ್ಮ. ಕೈಯಲ್ಲಿ ಮುಟ್ಟಿದರೆ ಒಣಗಿದ ಹಾಗೇ ಇತ್ತು. ನನಗೂ ಮನಸ್ಸು ಜಗ್ಗುತ್ತಿತ್ತು. ತಕ್ಕಡಿ ಮಾತ್ರ ಇನ್ನೂ ಇಳಿಯುತ್ತಿತ್ತು. ಬಳಿಸಲಿಲ್ಲ. ಜಾತ್ರೆಗೆ ಬಂದ ನೆಂಟರು ಬರಿಗೋಡೆಯನ್ನೇ ನೋಡಿದರು. ನಮ್ಮ ದೊಡ್ಡಮ್ಮ ಚೂರು ಕಿತ್ತು ನೋಡಲು ಹೋಗಿ, ಬರದೇ ಇದ್ದದ್ದಕ್ಕೆ "ಪರವಾಗಿಲ್ಲ, ಗಟ್ಟಿ ಅದೆ" ಅಂತ ಸರ್ಟಿಫಿಕೇಟ್ ಕೊಟ್ಟು ಹೋದರು. ಏಳನೇ ವಾರ 2.2, ಎಂಟನೇ ವಾರವೂ 2.2. ತೂಕ ನಿಂತಿತು. ಆಗ ಗಾರೆಗೆ ಕೈ ಹಾಕಿದೆವು.

ಗಾರೆಯ ಸುಣ್ಣ ಮೇಸ್ತ್ರಿಯದೇ ಕಾರುಬಾರು. ಸುಟ್ಟ ಸುಣ್ಣದ ಕಲ್ಲು ತರಿಸಿ ಡಿಸೆಂಬರಿನಲ್ಲೇ ಗುಂಡಿಯಲ್ಲಿ ಅರಳಿಸಿ ನೀರು ನಿಲ್ಲಿಸಿ ಇಟ್ಟಿದ್ದರು. ಮೂರು ತಿಂಗಳಲ್ಲಿ ಅದು ಬೆಣ್ಣೆಯಾಗಿತ್ತು. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಮರಳು, ಸಣ್ಣಗೆ ಕತ್ತರಿಸಿದ ತೆಂಗಿನ ನಾರು, ಅಳಲೆಕಾಯಿ ಬೆಲ್ಲ ಕೊಳೆ ಹಾಕಿದ ನೀರು. ಎರಡು ಕೋಟು, ನಡುವೆ ಹತ್ತು ದಿನ. ಮೊದಲ ಕೋಟನ್ನು ಕರಣೆಯ ಅಂಚಿನಿಂದ ಒತ್ತಿ ಚೂರುಗಳ ಸಂದಿಗೆ ಇಳಿಸಿದರು. ಏಪ್ರಿಲ್ ಬಿಸಿಲಿಗೆ ಸೀಳಬಾರದು ಅಂತ ಒದ್ದೆ ಗೋಣಿಚೀಲ ಇಳಿಬಿಟ್ಟು ವಾರವಿಡೀ ಕಾದೆವು. ಮೇಲೆ ಸುಣ್ಣದ ಬಿಳಿ, ಮೂರು ಕೈ. ಇಲ್ಲಿ ಸಿಮೆಂಟ್ ಪ್ಲಾಸ್ಟರನ್ನೋ ಪ್ಲಾಸ್ಟಿಕ್ ಪೇಂಟನ್ನೋ ಹಚ್ಚಿದರೆ ಗೋಡೆಯ ಉಸಿರು ಕಟ್ಟಿದ ಹಾಗೆ. ಒಳಗೆ ಹೋದ ತೇವ ಹೊರಗೆ ಬರುವ ದಾರಿ ಮುಚ್ಚುತ್ತದೆ.

ಮೇ ಮೊದಲ ವಾರ ಅದೇ ಗನ್ನು, ಅದೇ ಜಾಗ, ಸಂಜೆ ಐದು. ಒಳಗೋಡೆ 33 ಡಿಗ್ರಿ. ಎರಡು ಸಲ ನೋಡಿದೆ. ರಾತ್ರಿ ಒಂಬತ್ತಕ್ಕೆ 32. ಮುಟ್ಟಿದರೆ ಬರೀ ಗೋಡೆ.

ಆದರೆ ರೂಮಿನ ಗಾಳಿ 37ರಿಂದ 35ಕ್ಕೆ ಮಾತ್ರ ಇಳಿದಿತ್ತು. ಗನ್ನನ್ನು ಮೇಲಕ್ಕೆ ಹಿಡಿದೆ. ಮೋಲ್ಡಿನ ಅಡಿ 42. ಇಡೀ ವರ್ಷ ಗೋಡೆಯನ್ನೇ ನೋಡುತ್ತಾ ತಲೆ ಮೇಲಿನದನ್ನು ಮರೆತಿದ್ದೆ. ನೆಟ್ಟನೆ ಬಿಸಿಲು ಬೀಳುವುದು ಅಲ್ಲಿಗೇ. ನಿಮ್ಮದು ಒಂದೇ ಅಂತಸ್ತಿನ ಮೋಲ್ಡಿನ ಮನೆಯಾದರೆ ಮೊದಲು ಛಾವಣಿ ನೋಡಿ, ಗೋಡೆ ಆಮೇಲೆ. ಮಾಳಿಗೆ ತೊಳೆದು ಸುಣ್ಣ ಎರಡು ಕೈ ಹೊಡೆಸಿದೆ, ಬಿಸಿಲನ್ನು ವಾಪಸು ಕಳಿಸಲಿ ಅಂತ. ಮೋಲ್ಡಿನ ಅಡಿ 37ಕ್ಕೆ, ಗಾಳಿ 33ಕ್ಕೆ ಬಂತು. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ವರ್ಷವರ್ಷವೂ ಬೇಸಿಗೆಗೆ ಮೊದಲು ಹೊಡೆಯಬೇಕು. ಅದಕ್ಕೆ ನಾನು ತಯಾರು.

ಆಗಸ್ಟ್, ಸೆಪ್ಟೆಂಬರ್ ಮಳೆ ಗೋಡೆಯ ಮೇಲೆ ಹೋಗಿದೆ. ಸೈಜುಗಲ್ಲಿನ ಮೇಲೆ ಕೆಮ್ಮಣ್ಣಿನ ಸಿಡಿತ, ಅದರ ಮೇಲಿನ ಬಿಳಿ ಹಾಗೇ ಇದೆ. ಕಿಟಕಿಯ ಎಡ ಮೂಲೆಯಲ್ಲಿ ಕೂದಲೆಳೆಯ ಬಿರುಕು ಒಂದು ಬಂದಿತ್ತು, ಸುಣ್ಣದ ತಿಳಿಯಲ್ಲಿ ಮುಚ್ಚಿದೆ. ವಾಸನೆ ಇಲ್ಲ, ಚುಕ್ಕೆ ಇಲ್ಲ. ಅಮ್ಮ ಮಂಚವನ್ನು ಮತ್ತೆ ಗೋಡೆಗೆ ತಾಗಿಸಿಕೊಂಡಿದ್ದಾರೆ.

ಇನ್ನು ಬಾತ್‌ರೂಮಿನ ಪಡುವಣ ಗೋಡೆ ಉಳಿದಿದೆ, 40 ಚದರ ಅಡಿ. ಅದಕ್ಕೆ ಉತ್ತರಾಖಂಡದಿಂದ ತರಿಸುವುದಿಲ್ಲ. ಜೂನ್ ಮಳೆಗೆ ಹೊಲದ ಅಂಚಿನಲ್ಲಿ ಅಪ್ಸೆಣಬು ಬಿತ್ತಿದೆ, ಈಗ ನನ್ನ ತಲೆಗಿಂತ ಎತ್ತರ ಬಂದು ಕಾಯಿ ಕಟ್ಟಿದೆ. ಮುಂದಿನ ವಾರ ಕೊಯ್ದು ಕುಂಟೆಯ ನೀರಿನಲ್ಲಿ ಕೊಳೆ ಹಾಕಬೇಕು. ಸುಣ್ಣದ ಗುಂಡಿಗೆ ನೀರು ಬಿಡು ಅಂತ ಮೇಸ್ತ್ರಿ ನಿನ್ನೆಯೇ ಫೋನ್ ಮಾಡಿದ್ದರು.